ನಕ್ಷತ್ರ ಕಂಡರೆ ಹೆದರಬೇಡ

ಮಗಳೇ, ಹಳೆಯ ಪರ್ಲ್ ಕೋಡ್ ನಿನ್ನ ಪಾಲಿಗೆ ಬಂದಿದೆ, ಹೆಸರಿನ ಮುಂದೆ ನಕ್ಷತ್ರ ಕಂಡರೆ ಮುಟ್ಟಲು ಧೈರ್ಯ ಬರುವುದಿಲ್ಲ ಎಂದೆಯಲ್ಲ. ಅದೇ ಟೈಪ್‌ಗ್ಲೋಬ್. ಪರ್ಲ್ ತನ್ನ ಹೆಸರುಗಳನ್ನು ಎಲ್ಲಿಡುತ್ತದೆ ಎಂದು ತಿಳಿದುಕೊ, ಹೆದರಿಕೆ ತಾನಾಗಿ ಇಳಿಯುತ್ತದೆ.

ನಮ್ಮ ಕೊಡಗಿನ ಕಕ್ಕಬೆಯಲ್ಲಿ ಬರೀ ಕಾರ್ಯಪ್ಪ ಎಂದರೆ ಯಾವ ಮನೆಯವರು ಎಂದು ಕೇಳುತ್ತಾರೆ. ಅದಕ್ಕೇ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರೂ ಜನರಲ್ ತಿಮ್ಮಯ್ಯನವರೂ ಕೊಡಂದೇರ ಒಕ್ಕದವರು. ಪರ್ಲ್‌ನಲ್ಲಿ ಪ್ಯಾಕೇಜ್ ಎಂದರೆ ಆ ಒಕ್ಕ: ಕೊಡಂದೇರ::ಕಾರ್ಯಪ್ಪ, ಕೊಡಂದೇರ::ತಿಮ್ಮಯ್ಯ. ಪ್ಯಾಕೇಜ್ ಯಾವುದೆಂದು ಹೇಳದಿದ್ದರೆ ಮೇನ್. ಪ್ರತಿ ಪ್ಯಾಕೇಜಿಗೂ ಅದರದೇ ಸಿಂಬಲ್ ಟೇಬಲ್ ಇರುತ್ತದೆ. ಅದೂ ಒಂದು ಹ್ಯಾಶ್. %ಕೊಡಂದೇರ:: ಎಂದು ಬರೆದು ಅದರ ಕೀಗಳನ್ನು ಪ್ರಿಂಟ್ ಮಾಡಿ ನೋಡು. ಓದಿದ್ದಕ್ಕಿಂತ ಕಣ್ಣಾರೆ ಕಂಡದ್ದು ಹೆಚ್ಚು ನಿಲ್ಲುತ್ತದೆ.

ಆ ಹ್ಯಾಶಿನಲ್ಲಿ ಒಂದೊಂದು ಹೆಸರಿನ ಎದುರಿಗೂ ಸಾಮಾನ್ಯವಾಗಿ ಇರುವುದು ಟೈಪ್‌ಗ್ಲೋಬ್. ಯುಟಿಎಫ್-8 ಪ್ರಾಗ್ಮಾ ಹಾಕಿದರೆ ಕನ್ನಡ ಹೆಸರೂ ನಡೆಯುತ್ತದೆ, ಜೇನು ಎಂದೇ ಇಟ್ಟುಕೊಳ್ಳೋಣ. $ಜೇನು, @ಜೇನು, %ಜೇನು, &ಜೇನು ಒಟ್ಟಿಗೆ ಇದ್ದರೂ ಒಂದಕ್ಕೊಂದು ತಾಗುವುದಿಲ್ಲ, ಏಕೆಂದರೆ *ಜೇನು ಒಳಗೆ ಸ್ಕೇಲರ್, ಅರೇ, ಹ್ಯಾಶ್, ಸಬ್‌ರುಟೀನ್‌ಗಳಿಗೆ ಬೇರೆ ಬೇರೆ ಜಾಗವಿದೆ. ಫೈಲ್‌ಹ್ಯಾಂಡಲ್, ಫಾರ್ಮ್ಯಾಟ್‌ಗಳಿಗೂ ಇದೆ.

ಇಲ್ಲಿ ಸ್ವಲ್ಪ ನಿಧಾನಿಸು. *ತುಪ್ಪ = *ಜೇನು; ಎಂದರೆ ತುಪ್ಪ ಎಂಬ ಹೆಸರು ಎಲ್ಲ ಜಾಗಗಳಲ್ಲೂ ಜೇನಿನದೇ ಆಗಿಬಿಡುತ್ತದೆ. @ತುಪ್ಪಕ್ಕೆ ಒಂದು ಅಂಶ ಸೇರಿಸಿದರೆ @ಜೇನು ಬೆಳೆಯುತ್ತದೆ. ನಕಲು ಆಗಿಲ್ಲ, ಇರುವ ವಸ್ತು ಒಂದೇ. *ತುಪ್ಪ = \&ಜೇನು; ಎಂದರೆ ಸಬ್‌ರುಟೀನ್ ಜಾಗ ಮಾತ್ರ ಬದಲಾಗುತ್ತದೆ, ಮಿಕ್ಕವು ಇದ್ದಂತೆ. ಆದ್ದರಿಂದ ನಕ್ಷತ್ರ ಎದುರಾದಾಗ ಸಮಚಿಹ್ನೆಯ ಬಲಗಡೆ ಏನಿದೆ ಎಂದು ಮೊದಲು ನೋಡು. ಎಕ್ಸ್‌ಪೋರ್ಟರ್ ಮಾಡ್ಯೂಲ್ ನಿನ್ನ ಪ್ಯಾಕೇಜಿಗೆ ಫಂಕ್ಷನ್ ತಂದುಕೊಡುವುದೂ ಈ ಎರಡನೆಯ ಬಗೆಯಲ್ಲೇ.

ಇಷ್ಟು ನಕ್ಷತ್ರ ಬಳಸಿದ್ದಕ್ಕೆ ಹಳಬರನ್ನು ಬೈಯಬೇಡ. 1987ರಲ್ಲಿ ಲ್ಯಾರಿ ವಾಲ್ ಪರ್ಲ್ ಹೊರತಂದಾಗ ರೆಫರೆನ್ಸ್ ಇರಲಿಲ್ಲ. ಅದು ಬಂದದ್ದು 1994ರ ಪರ್ಲ್ 5ರಲ್ಲಿ. ಅಲ್ಲಿಯವರೆಗೆ ಅರೇಯೊಂದನ್ನು ನಕಲು ಮಾಡದೆ ಸಬ್‌ರುಟೀನಿಗೆ ದಾಟಿಸಲು ಗ್ಲೋಬ್ ಬೇಕಿತ್ತು. ಈಗ ಅಂಥ ಕಡೆ ರೆಫರೆನ್ಸ್ ಬಳಸು.

‘ಮೈ’ ಎಂದು ಘೋಷಿಸಿದ ವೇರಿಯಬಲ್ ಸಿಂಬಲ್ ಟೇಬಲ್‌ಗೆ ಸೇರುವುದೇ ಇಲ್ಲ. ಅದನ್ನು ಅಲ್ಲಿ ಹುಡುಕಿ ಸಂಜೆ ಕಳೆಯಬೇಡ. ‘ಅವರ್’ ಎಂದು ಘೋಷಿಸಿದ್ದಾದರೆ ಪ್ಯಾಕೇಜಿನದು. ಸಾರ್ಟ್‌ನ $a, $b ಕೂಡ ಪ್ಯಾಕೇಜ್ ವೇರಿಯಬಲ್‌ಗಳೇ, ಹಾಗಾಗಿ ಆ ಹೆಸರುಗಳಿಗೆ ‘ಮೈ’ ಹಚ್ಚಬೇಡ.

ಟೆಸ್ಟ್ ಬರೆಯುವಾಗ ಒಂದು ಫಂಕ್ಷನ್ ಬದಲು ತಾತ್ಕಾಲಿಕವಾಗಿ ಇನ್ನೊಂದನ್ನು ಕೂರಿಸಬೇಕಾದರೆ ಗ್ಲೋಬ್‌ನಷ್ಟು ಅನುಕೂಲ ಬೇರೆ ಇಲ್ಲ. ಆದರೆ ಮುಂದೆ ‘ಲೋಕಲ್’ ಇರಲೇಬೇಕು. ಬ್ಲಾಕ್ ಮುಗಿದ ಕೂಡಲೇ ಮೂಲ ಫಂಕ್ಷನ್ ವಾಪಸ್ ಬರುತ್ತದೆ. ಮರುವ್ಯಾಖ್ಯಾನದ ಎಚ್ಚರಿಕೆಯನ್ನು ಆ ಬ್ಲಾಕಿನೊಳಗೆ ಮಾತ್ರ ಆಫ್ ಮಾಡು, ಇಡೀ ಫೈಲಿಗೆ ಬೇಡ. ನೀನು ಕಳಿಸಿದ ಟೆಸ್ಟ್‌ನಲ್ಲಿ ಲೋಕಲ್ ಕಾಣಲಿಲ್ಲ, ಇವತ್ತೇ ಸೇರಿಸು.