ಆತನ ದಣಿವು ನಟನೆಯಲ್ಲ

ಸಂಡೇ ಸ್ಕೂಲಿನ ದೊಡ್ಡ ಮಕ್ಕಳ ತರಗತಿಯನ್ನು ನಿನಗೆ ವಹಿಸಿದ್ದಾರಂತೆ ಮಗಳೇ, ಒಳ್ಳೆಯದಾಯಿತು. ಆ ವಯಸ್ಸಿನವರು ಇವತ್ತಲ್ಲ ನಾಳೆ ಕೇಳಿಯೇ ಕೇಳುತ್ತಾರೆ: ಯೇಸುಸ್ವಾಮಿ ದೇವರಾಗಿದ್ದರೆ ಶಿಲುಬೆಯ ಮೇಲೆ ನೋವಾಯಿತೇ? ಮನುಷ್ಯನಾಗಿದ್ದರೆ ನಾವು ಆತನಿಗೆ ಪ್ರಾರ್ಥಿಸುವುದೇಕೆ? ಅರ್ಧ ದೇವರು, ಅರ್ಧ ಮನುಷ್ಯ ಎಂದು ಹೇಳಿ ಪಾರಾಗಬೇಡ. ನಮ್ಮ ಹಿರಿಯರು ಹಾಗೆ ಕಲಿಸಲಿಲ್ಲ. ಪೂರ್ಣ ದೇವರು, ಪೂರ್ಣ ಮನುಷ್ಯ, ಆದರೂ ಒಬ್ಬನೇ ಎಂದರು. ಲೆಕ್ಕಕ್ಕೆ ಕೂಡದ ಮಾತೆಂದು ಅವರಿಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದರು.

ನಮ್ಮ ಸಭೆಯಲ್ಲಿ ಆತನ ದೇವತ್ವವನ್ನು ಅನುಮಾನಿಸುವವರು ಕಡಿಮೆ. ನಾವು ಎಡವುವುದು ಇನ್ನೊಂದು ಕಡೆ. ಆತನ ಮನುಷ್ಯತ್ವವನ್ನು ಯಕ್ಷಗಾನದ ವೇಷದಂತೆ ಕಾಣುತ್ತೇವೆ. ಬೆಳಗಾದರೆ ಬಣ್ಣ ತೊಳೆದು ಕಿರೀಟ ಬಿಚ್ಚಿಟ್ಟು ಹೊರಡುವಂಥದ್ದು. ಹಸಿದಂತೆ ತೋರಿಸಿಕೊಂಡ, ಅತ್ತಂತೆ ತೋರಿಸಿಕೊಂಡ, ಒಳಗೆ ಏನೂ ಆಗಿರಲಿಲ್ಲ ಎಂಬ ಅರ್ಥದ ಮಾತನ್ನು ಪ್ರಸಂಗಪೀಠದಿಂದಲೇ ಕೇಳಿದ್ದೇನೆ. ಭಕ್ತಿಯಿಂದ ಆಡಿದ್ದೇ, ಆದರೂ ತಪ್ಪು. ಕ್ರಿಸ್ತನು ನಿಜವಾಗಿ ಶರೀರಧಾರಿಯಾಗಿ ಬಂದನೆಂದು ಒಪ್ಪದ ಬೋಧನೆ ದೇವರದ್ದಲ್ಲವೆಂದು ಯೋಹಾನನ ಮೊದಲ ಪತ್ರಿಕೆಯೇ ಖಂಡಿಸಿದೆ.

ಸುವಾರ್ತೆಗಳನ್ನು ತೆರೆದು ನೋಡು. ಯಾಕೋಬನ ಬಾವಿಯ ಬಳಿ ದಣಿದು ಕೂತು ಸಮಾರ್ಯದ ಹೆಂಗಸಿನ ಹತ್ತಿರ ನೀರು ಕೇಳಿದ. ಲಾಜರನ ಸಮಾಧಿಗೆ ಹೋಗುವಾಗ ಅತ್ತ. ಜ್ಞಾನದಲ್ಲಿ ಬೆಳೆಯುತ್ತಾ ಬಂದ ಎನ್ನುತ್ತಾನೆ ಲೂಕ. ಬೆಳೆಯುವುದೆಂದರೆ ನಿನ್ನೆ ತಿಳಿಯದ್ದು ಇವತ್ತು ತಿಳಿಯುವುದು ತಾನೇ? ಕೊನೆಯ ದಿನ ಯಾವಾಗೆಂಬುದು ಮಗನಿಗೂ ತಿಳಿಯದೆಂದು ಮಾರ್ಕನ 13ನೇ ಅಧ್ಯಾಯದಲ್ಲಿ ಆತನೇ ಹೇಳಿದ್ದಾನೆ. ಈ ವಚನ ಬಂದಾಗ ಗಂಟಲು ಸರಿಮಾಡಿಕೊಂಡು ಮುಂದೆ ದಾಟುವ ಬೋಧಕರಿದ್ದಾರೆ. ನೀನು ಆ ಸಾಲಿಗೆ ಸೇರಬೇಡ.

ಹಿರಿಯರು ಸೇರಿ ಇದನ್ನು ತೀರ್ಮಾನಿಸಿದ ಮಹಾಸಭೆಗಳ ಪಟ್ಟಿಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಅಗತ್ಯವಿಲ್ಲ, ಆದರೆ ನಿನಗೆ ತಿಳಿದಿರಲಿ. 325ರಲ್ಲಿ ನೈಸಿಯದಲ್ಲಿ, ಮಗನು ಸೃಷ್ಟಿಯಾದವನೆಂಬ ಅರಿಯನ ವಾದವನ್ನು ತಳ್ಳಿಹಾಕಿದರು. ಆಮೇಲೆ ಅಪೊಲ್ಲಿನಾರಿಸ್ ಎಂಬಾತ ದೇವತ್ವದ ಪರವಾಗಿಯೇ ಹೊರಟು, ಕ್ರಿಸ್ತನಿಗೆ ಮನುಷ್ಯನ ದೇಹವಿತ್ತು, ಮನುಷ್ಯನ ಮನಸ್ಸಿರಲಿಲ್ಲ ಎಂದ. ಅವನ ಬೋಧನೆಯನ್ನು 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ತಿರಸ್ಕರಿಸಿದರು. ನಾಜಿಯಾನ್ಜದ ಗ್ರೆಗೊರಿ ಕೊಟ್ಟ ಕಾರಣ ನನಗೆ ಬಹಳ ಹಿಡಿಸುತ್ತದೆ: ನಮ್ಮಲ್ಲಿ ಯಾವುದನ್ನು ಆತ ತನ್ನದಾಗಿ ಮಾಡಿಕೊಳ್ಳಲಿಲ್ಲವೋ ಅದಕ್ಕೆ ವಾಸಿಯಾಗುವ ದಾರಿಯೇ ಇಲ್ಲ. ನಮ್ಮ ಮನಸ್ಸಲ್ಲವೇ ಮೊದಲು ಕೆಟ್ಟದ್ದು?

451ರಲ್ಲಿ ಕಲ್ಕೆದೋನಿನಲ್ಲಿ ಸೇರಿದವರು, ಎರಡು ಸ್ವಭಾವಗಳು ಒಬ್ಬನೇ ಕ್ರಿಸ್ತನಲ್ಲಿ ಬೆರೆಯದೆ, ಬದಲಾಗದೆ, ಒಡೆಯದೆ, ಅಗಲದೆ ಇವೆ ಎಂದರು. ನಾಲ್ಕೂ ‘ಹೀಗಲ್ಲ’ ಎನ್ನುವ ಮಾತುಗಳೇ. ಹೇಗೆ ಎಂದು ವಿವರಿಸಲು ಅವರು ಹೋಗಲಿಲ್ಲ, ನೀನೂ ಹೋಗಬೇಡ. ಈ ತೀರ್ಮಾನವನ್ನು ಒಪ್ಪದೆ ಈಜಿಪ್ಟಿನ ಕಾಪ್ಟಿಕ್, ಅರ್ಮೇನಿಯದ ಮತ್ತು ಸಿರಿಯನ್ ಆರ್ಥೊಡಾಕ್ಸ್ ಸಭೆಗಳು ಬೇರೆಯಾದವು. ಆ ಸಿರಿಯನ್ ಪರಂಪರೆಯವರು ನಮ್ಮ ಬ್ರಹ್ಮಾವರದಲ್ಲೂ ಇದ್ದಾರೆ. ಅವರು ಯೇಸುವಿನ ಮನುಷ್ಯತ್ವವನ್ನು ಒಪ್ಪುವುದಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡ. 1973ರಲ್ಲಿ ಪೋಪ್ ಆರನೇ ಪೌಲರೂ ಕಾಪ್ಟಿಕ್ ಸಭೆಯ ಮೂರನೇ ಶೆನೂಡ ಅವರೂ ಒಂದೇ ಹೇಳಿಕೆಗೆ ಸಹಿ ಹಾಕಿ, ಆತ ಪರಿಪೂರ್ಣ ದೇವರು, ಪರಿಪೂರ್ಣ ಮನುಷ್ಯ ಎಂದಿದ್ದಾರೆ.

ತರಗತಿಗೆ ಕಥೆ ಬೇಕಿದ್ದರೆ ಮ್ಯಾಕ್ಸಿಮಸನದ್ದು ಹೇಳು. ಏಳನೇ ಶತಮಾನದ ಸನ್ಯಾಸಿ. ಕ್ರಿಸ್ತನಿಗೆ ಇಚ್ಛೆ ಒಂದೇ ಎಂದುಬಿಟ್ಟರೆ ಸಾಮ್ರಾಜ್ಯದೊಳಗಿನ ಜಗಳ ಅಡಗುತ್ತದೆಂದು ಅರಮನೆಯವರ ಲೆಕ್ಕಾಚಾರ. ಇವನು ಗೆತ್ಸೇಮನೆ ತೋಟದತ್ತ ಬೆರಳು ತೋರಿಸಿದ. ಸಂಕಟದ ಪಾತ್ರೆ ತನ್ನಿಂದ ತೊಲಗಲೆಂದು ಯೇಸು ಅಲ್ಲಿ ಬೇಡಿದ್ದು ಸಾವಿನ ಮುಂದೆ ನಿಂತ ಮನುಷ್ಯನ ಮನಸ್ಸು. ತಂದೆಯ ಚಿತ್ತಕ್ಕೆ ತಲೆಬಾಗಿದ್ದೂ ಅದೇ ಮನಸ್ಸು. ಅದೇ ಇಲ್ಲವೆಂದರೆ ವಿಧೇಯನಾದದ್ದು ಯಾರು? ಬಾಯಿ ಮುಚ್ಚಿಕೊಂಡಿರಲು ಒಪ್ಪದ ಆ ಮುದುಕನ ನಾಲಿಗೆಯನ್ನೂ ಬಲಗೈಯನ್ನೂ ಕತ್ತರಿಸಿ ಇಂದಿನ ಜಾರ್ಜಿಯದ ಕಡೆಗೆ ಗಡಿಪಾರು ಮಾಡಿದರು. 662ರಲ್ಲಿ ಅಲ್ಲೇ ಸತ್ತ. 681ರಲ್ಲಿ ಮುಗಿದ ಮಹಾಸಭೆ, ಕ್ರಿಸ್ತನಲ್ಲಿ ದೇವರ ಇಚ್ಛೆಯೂ ಇದೆ, ಮನುಷ್ಯನ ಇಚ್ಛೆಯೂ ಇದೆ ಎಂದು ಅವನ ಮಾತನ್ನೇ ಎತ್ತಿಹಿಡಿಯಿತು.

ಪರೀಕ್ಷೆಗೋ ಆಸ್ಪತ್ರೆಗೋ ಮನೆಯ ಜಗಳಕ್ಕೋ ಹೆದರಿ ಕೂತ ಮಗುವಿಗೆ ‘ಹೆದರಿಕೆ ಅವಿಶ್ವಾಸವಲ್ಲ’ ಎಂದು ಹೇಳಲು ಗೆತ್ಸೇಮನೆಗಿಂತ ದೊಡ್ಡ ಆಧಾರ ನಿನಗೆ ಸಿಗುವುದಿಲ್ಲ. ಆ ಮನುಷ್ಯತ್ವವನ್ನು ಆತ ಪುನರುತ್ಥಾನದ ನಂತರವೂ ಕಳಚಿಡಲಿಲ್ಲ. ಗಾಯದ ಕೈಕಾಲು ತೋರಿಸಿದ, ಶಿಷ್ಯರೆದುರು ಸುಟ್ಟ ಮೀನು ತಿಂದ.

ಮುಂದಿನ ಭಾನುವಾರ ಮಾರ್ಕನ 4ನೇ ಅಧ್ಯಾಯದ ಕೊನೆಯ ಏಳು ವಚನಗಳನ್ನು ಮಕ್ಕಳಿಂದಲೇ ಓದಿಸು. ದೋಣಿಯಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದವನೂ ಎದ್ದು ಗಾಳಿಯನ್ನು ಗದರಿಸಿದವನೂ ಒಬ್ಬನೇ. ಇವನು ಯಾರೆಂದು ಶಿಷ್ಯರು ದಿಗಿಲಿನಿಂದ ಕೇಳಿಕೊಳ್ಳುವಲ್ಲಿ ಮಾರ್ಕ ನಿಲ್ಲಿಸಿದ್ದಾನೆ. ನೀನೂ ಅಲ್ಲೇ ನಿಲ್ಲಿಸು. ಉತ್ತರವನ್ನು ಮುಂದಿನ ವಾರ ಅವರೇ ಬರೆದು ತರಲಿ.