ಮರಿ ಓತಿಯ ಚಳಿಗಾಲದ ನಿದ್ದೆ

ನಮ್ಮ ರೂಮಿನ ಗೆಳೆಯನ ಅಕ್ಕ ಇರೋದು ಸಿಡ್ನಿಯಲ್ಲಿ. ಜೂನ್‌ನ ಒಂದು ಭಾನುವಾರ ಬೆಳಿಗ್ಗೆ, ಅಲ್ಲಿ ಆಗಲೇ ಮಧ್ಯಾಹ್ನ, ವಿಡಿಯೋ ಕಾಲ್‌ನಲ್ಲಿ ಮಗನ ಗಾಜಿನ ಪೆಟ್ಟಿಗೆ ತೋರಿಸಿದರು. ಒಳಗೆ ಮೂರು ತಿಂಗಳ ಬಿಯರ್ಡೆಡ್ ಡ್ರ್ಯಾಗನ್ ಮರಿ. ಹೆಸರು ಗುಂಡ. ಆಸ್ಟ್ರೇಲಿಯಾದ ಒಳನಾಡಿನ ಒಣಭೂಮಿಯ ಈ ಪ್ರಾಣಿ ನಮ್ಮ ಹಿತ್ತಲಿನ ಓತಿಕ್ಯಾತನ ದೂರದ ನೆಂಟ; ಎರಡೂ ಅಗಾಮಿಡೇ ಕುಟುಂಬದವು. ನಾಲ್ಕು ದಿನದಿಂದ ಗುಂಡ ಹುಳ ಮುಟ್ಟಿಲ್ಲ, ಮರದ ತುಂಡಿನಡಿ ಕಣ್ಣು ಮುಚ್ಚಿ ಬಿದ್ದಿದೆ.

"ಇಲ್ಲೀಗ ಚಳಿಗಾಲ ಅಲ್ವೇನೋ, ಹೈಬರ್ನೇಷನ್‌ಗೆ ಹೋಗಿದೆ. ಮಲಗಲಿ ಬಿಡು" ಅಂದರು ಅಕ್ಕ.

ಅಕ್ಕ ಹೇಳಿದ್ದು ಪೂರ್ತಿ ತಪ್ಪಲ್ಲ. ದೊಡ್ಡ ಡ್ರ್ಯಾಗನ್‌ಗಳು ಚಳಿಗಾಲದಲ್ಲಿ ವಾರಗಟ್ಟಲೆ ಮಲಗುತ್ತವೆ. ಸರೀಸೃಪಗಳ ಈ ನಿದ್ದೆಗೆ ಬ್ರೂಮೇಷನ್ ಅಂತಾರೆ. ನಡುವೆ ಬಿಸಿಲು ಬಂದರೆ ಎದ್ದು, ನೀರು ಕುಡಿದು, ಮತ್ತೆ ಮಲಗೋದೂ ಉಂಟು. ಆದರೆ ಇದು ಸಾಮಾನ್ಯವಾಗಿ ಒಂದು ವರ್ಷ ದಾಟಿದ, ಮೈಯಲ್ಲಿ ಕೊಬ್ಬು ಕೂಡಿಟ್ಟ ಪ್ರಾಣಿಯ ಕೆಲಸ. ಮರಿಯ ಹತ್ತಿರ ಅಂಥ ಉಳಿತಾಯ ಇಲ್ಲ. ತಿಂದದ್ದೆಲ್ಲ ಬೆಳವಣಿಗೆಗೇ ಖರ್ಚು.

ಇಲ್ಲಿ ನಮ್ಮ ಮೊದಲ ವರ್ಷದ ಕೆಮಿಸ್ಟ್ರಿ ಉಪಯೋಗಕ್ಕೆ ಬರುತ್ತೆ. ಉಷ್ಣಾಂಶ 10 ಡಿಗ್ರಿ ಇಳಿದರೆ ದೇಹದ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಅರ್ಧಕ್ಕೆ, ಇನ್ನೂ ಕಡಿಮೆಗೆ, ಇಳಿಯುತ್ತೆ. ಓತಿ ತನ್ನ ಶಾಖ ತಾನೇ ತಯಾರಿಸೋದಿಲ್ಲ. 38 ಡಿಗ್ರಿಯಲ್ಲಿ ಮೈ ಕಾಯಿಸಬೇಕಾದ ಮರಿ 18ರಲ್ಲಿ ಕೂತರೆ ಆ ವೇಗ ಕಾಲು ಭಾಗಕ್ಕೆ ಬಂತು. ಆಗ ಜೀರ್ಣಕ್ರಿಯೆ ನಿಂತೇ ಹೋದ ಹಾಗೆ; ಹೊಟ್ಟೆಯಲ್ಲಿರೋ ಹುಳ ಕೊಳೆಯೋಕೆ ಶುರು. ಅನುಭವ ಇರೋ ಸಾಕಣೆದಾರರು ದೊಡ್ಡ ಪ್ರಾಣಿಯನ್ನೂ ಕರುಳು ಖಾಲಿಯಾಗುವವರೆಗೆ ಬೆಚ್ಚಗಿಟ್ಟು, ಆಮೇಲೆಯೇ ತಣ್ಣಗಾಗಲು ಬಿಡೋದು ಇದಕ್ಕೇ. ಅತ್ತ ಉಸಿರು, ಹೃದಯ ಬಡಿತದ ಖರ್ಚು ಸೊನ್ನೆಯಾಗೋದಿಲ್ಲ. ಅಂದರೆ ಜಮೆ ಇಲ್ಲದ ಖಾತೆಯಿಂದ ದಿನಾ ಸ್ವಲ್ಪ ಸ್ವಲ್ಪ ಹಣ ತೆಗೆದ ಹಾಗೆ.

"ಕಾಡಲ್ಲಿ ಮರಿಗೆ ಯಾರು ಲ್ಯಾಂಪ್ ಇಡ್ತಾರೆ?" ಅಂತ ನಮ್ಮಲ್ಲೇ ಒಬ್ಬ ಕೇಳಿದ. ಯಾರೂ ಇಡಲ್ಲ. ಅದಕ್ಕೇ ತಾಯಿ ಒಂದು ಸಲಕ್ಕೆ ಇಪ್ಪತ್ತರ ಆಸುಪಾಸು ಮೊಟ್ಟೆ ಇಡೋದು. ಅಷ್ಟೂ ಬದುಕುತ್ತವೆ ಅನ್ನೋ ಲೆಕ್ಕ ಪ್ರಕೃತಿಯಲ್ಲಿಲ್ಲ. ಅಕ್ಕನ ಮನೆಯಲ್ಲಿರೋದು ಒಂದೇ ಗುಂಡ.

ನಾವು ಅಕ್ಕನಿಗೆ ಮೊದಲು ಹೇಳಿದ್ದು: ತುರುಕಿ ತಿನ್ನಿಸಬೇಡಿ, ಲ್ಯಾಂಪಿನ ಕೆಳಗಿನ ಕಲ್ಲಿನ ಬಿಸಿ ಅಳೆಯಿರಿ. ಭಾವನ ಹತ್ತಿರ ಇನ್‌ಫ್ರಾರೆಡ್ ಥರ್ಮಾಮೀಟರ್ ಇತ್ತು. ತೋರಿಸಿದ್ದು 29. ಇರಬೇಕಾದ್ದು 40ರ ಹತ್ತಿರ! ಹೋದ ತಿಂಗಳು ಬಲ್ಬ್ ಸುಟ್ಟಾಗ ಕಡಿಮೆ ವ್ಯಾಟ್‌ನದ್ದು ತಂದು ಹಾಕಿದ್ದರಂತೆ. ಬೆಳಕು ಕಣ್ಣಿಗೆ ಕಾಣುತ್ತೆ, ಶಾಖದ ಕೊರತೆ ಕಾಣಲ್ಲ. ಯುವಿಬಿ ಟ್ಯೂಬ್ ಕೂಡ ಅಂಥದ್ದೇ ಮೋಸ ಮಾಡುತ್ತೆ: ಉರೀತಾನೇ ಇರುತ್ತೆ, ಆದರೆ ತಿಂಗಳುಗಳು ಕಳೆದಂತೆ ಅದರ ಕಿರಣದ ಬಲ ಕುಗ್ಗುತ್ತೆ. ಆ ಕಿರಣ ಸಾಲದಿದ್ದರೆ ಮರಿಯ ಮೂಳೆ ಮೆತ್ತಗಾಗುತ್ತೆ.

ಎರಡನೆಯದು ಅಡುಗೆಮನೆ ತಕ್ಕಡಿ. ಮಲಗಿದ ದೊಡ್ಡ ಪ್ರಾಣಿಯ ತೂಕ ಹೆಚ್ಚೇನೂ ಇಳಿಯಬಾರದು. ಮರಿಯ ತೂಕವಂತೂ ವಾರ ವಾರ ಏರಲೇಬೇಕು. ಗುಂಡ 42 ಗ್ರಾಂನಿಂದ 38ಕ್ಕೆ ಇಳಿದಿತ್ತು. ಅಷ್ಟು ಸಾಕಾಯ್ತು, ಅಕ್ಕ ಮರುದಿನವೇ ಸರೀಸೃಪ ನೋಡೋ ವೈದ್ಯರ ಹತ್ತಿರ ಹೋದರು. ಹೊಟ್ಟೆಯಲ್ಲಿ ಪರಾವಲಂಬಿ ಜೀವಿ ಇದ್ದರೂ ಮರಿ ಹೀಗೇ ಮಂಕಾಗುತ್ತೆ, ಅದಕ್ಕೆ ಮಲ ಪರೀಕ್ಷೆ ಬೇಕು. ಗುಂಡನ ವರದಿಯಲ್ಲಿ ಏನೂ ಇರಲಿಲ್ಲ.

ಸರಿಯಾದ ಬಲ್ಬ್ ಬಂದ ಮೂರನೇ ದಿನ ಅದು ಕಲ್ಲು ಹತ್ತಿ ಕೂತಿತು. ಐದನೇ ದಿನ ಎರಡು ಹುಳ ತಿಂದಿತು. ಜುಲೈ ಕೊನೆಗೆ 51 ಗ್ರಾಂ. ತಕ್ಕಡಿ ಈಗ ಅಡುಗೆಮನೆಗೆ ವಾಪಸ್ ಬರ್ತಿಲ್ಲ ಅಂತ ಅಕ್ಕನ ದೂರು.