‘ರನ್’ ಎಂಬ ಕ್ರಿಯಾಪದ

ಇಂಗ್ಲಿಷಿನ ‘ರನ್’ ಎಂಬ ಕ್ರಿಯಾಪದದ ಅರ್ಥವೇನೆಂದು ಯಾವ ವಿದ್ಯಾರ್ಥಿಯನ್ನು ಕೇಳಿದರೂ ‘ಓಡು’ ಎಂದು ತಡಮಾಡದೆ ಉತ್ತರ ಕೊಡುವನು. ಈ ಉತ್ತರವು ತಪ್ಪಲ್ಲ. ಆದರೆ ಪೂರ್ಣವೂ ಅಲ್ಲ. ಈ ಅಪೂರ್ಣತೆಯಿಂದ ಒಂದು ಮನೆಗೆ ಒದಗಿದ ನಷ್ಟವನ್ನು ಮೊದಲು ತಿಳಿಸಿ, ಅನಂತರ ಪಾಠಕ್ಕೆ ಬರುತ್ತೇವೆ.

ಗೂಡಲೂರಿನ ದ್ರಾಕ್ಷಿ ಬೆಳೆಗಾರರೊಬ್ಬರು ತಮ್ಮ ಬಾವಿಗೆ ಹೊಸ ಪಂಪನ್ನು ತಂದರು. ಅದರ ಮೇಲೆ ‘ಡು ನಾಟ್ ರನ್ ಡ್ರೈ’ ಎಂದು ಕೆಂಪಕ್ಷರಗಳಲ್ಲಿ ಬರೆದಿತ್ತು. ಇಂಗ್ಲಿಷ್ ಬಾರದ ಆ ತಂದೆ ಎಂಟನೆಯ ತರಗತಿಯಲ್ಲಿದ್ದ ಮಗನನ್ನು ಕರೆದು, “ಇದೇನು ಬರೆದಿದೆಯಪ್ಪಾ, ಓದಿ ಹೇಳು” ಎಂದರು. ಹುಡುಗನು, “ರನ್ ಅಂದರೆ ಓಡು, ಡ್ರೈ ಅಂದರೆ ಒಣಗಿದ್ದು, ಒಣಗಿದ ಜಾಗದಲ್ಲಿ ಓಡಬಾರದು ಅಂತ ಅಪ್ಪಾ” ಎಂದನು. ಬಾವಿಯ ಬಳಿ ಓಡುವವರು ಯಾರೂ ಇಲ್ಲದುದರಿಂದ ತಂದೆ ಆ ಮಾತನ್ನು ಲಕ್ಷಿಸಲಿಲ್ಲ. ಬೇಸಗೆಯಲ್ಲಿ ಬಾವಿಯ ತಳ ಕಂಡಾಗಲೂ ಪಂಪು ತಿರುಗುತ್ತಲೇ ಇತ್ತು. ನೀರಿಲ್ಲದೆ ತಿರುಗಿದ ಯಂತ್ರವು ಕಾದು ಕೆಟ್ಟುಹೋಯಿತು. ‘ನೀರಿಲ್ಲದೆ ನಡೆಸಬೇಡಿ’ ಎಂಬುದೇ ಆ ನಾಲ್ಕು ಪದಗಳ ತಾತ್ಪರ್ಯವಾಗಿತ್ತು. ಆ ಹುಡುಗನು ನಮ್ಮ ವಿದ್ಯಾರ್ಥಿಯೇ. ‘ರನ್ ಎಂದರೆ ಓಡು’ ಎಂದು ಅವನಿಂದ ಪಟ್ಟಿ ಬರೆಯಿಸಿ ಬಾಯಿಪಾಠ ಮಾಡಿಸಿದವರು ನಾವೇ. ಆದುದರಿಂದ ಈ ತಪ್ಪನ್ನು ಅವನ ಮೇಲೆ ಹೊರಿಸಲಾರೆವು.

ಹಾಗಾದರೆ ಅರ್ಥವನ್ನು ತಿಳಿಯುವ ಬಗೆ ಹೇಗೆ? ‘ಯಾರು ಓಡುತ್ತಾರೆ, ಏನು ಓಡುತ್ತದೆ’ ಎಂದು ಮೊದಲು ಕೇಳಿಕೊಳ್ಳಬೇಕು. ಕರ್ತೃಪದವನ್ನೂ ಕರ್ಮಪದವನ್ನೂ ಗುರುತಿಸಿದೊಡನೆ ತಕ್ಕ ಕನ್ನಡ ಕ್ರಿಯಾಪದವು ತಾನಾಗಿಯೇ ನಾಲಗೆಗೆ ಬರುತ್ತದೆ.

ನಮ್ಮ ಕಣಿವೆಯಿಂದಲೇ ಉದಾಹರಣೆ ಕೊಡಬಹುದು. 1895ರಲ್ಲಿ ಪೂರ್ಣಗೊಂಡ ಪೆರಿಯಾರ್ ಅಣೆಕಟ್ಟಿನ ನೀರು ಸುರಂಗದ ಮೂಲಕ ಬೆಟ್ಟವನ್ನು ದಾಟಿ ಇತ್ತ ಬರುತ್ತದೆ. ‘ದಿ ವಾಟರ್ ರನ್ಸ್’ ಎಂದರೆ ನೀರು ಹರಿಯುತ್ತದೆ. ‘ದಿ ಟನಲ್ ರನ್ಸ್ ಥ್ರೂ ದಿ ಹಿಲ್’ ಎಂದರೆ ಸುರಂಗವು ಬೆಟ್ಟದೊಳಗೆ ಹಾದುಹೋಗಿದೆ. ಇಲ್ಲಿ ಚಲನೆಯೇ ಇಲ್ಲ. ಆ ನೀರು ಲೋಯರ್ ಕ್ಯಾಂಪಿನ ವಿದ್ಯುದಾಗಾರದ ಯಂತ್ರಗಳನ್ನು ‘ರನ್’ ಮಾಡುತ್ತದೆ ಎಂದರೆ ನಡೆಸುತ್ತದೆ. ಕುಮಳಿಗೆ ಬಸ್ಸುಗಳು ‘ರನ್’ ಆಗುತ್ತವೆ ಎಂದರೆ ಓಡಾಡುತ್ತವೆ. ಒಂದೇ ಇಂಗ್ಲಿಷ್ ಪದಕ್ಕೆ ಹರಿ, ಹಾದುಹೋಗು, ನಡೆಸು, ಓಡಾಡು ಎಂಬ ನಾಲ್ಕು ಕನ್ನಡ ಪದಗಳು ಬೇಕಾದುವು.

ಮನೆಯ ಮಾತಿಗೆ ಬಂದರೆ, ‘ಶಿ ರನ್ಸ್ ಎ ಶಾಪ್’ ಎಂಬುದಕ್ಕೆ ಆಕೆ ಅಂಗಡಿ ನಡೆಸುತ್ತಾಳೆ ಎಂದೂ, ‘ಹಿ ಈಸ್ ರನ್ನಿಂಗ್ ಎ ಟೆಂಪರೇಚರ್’ ಎಂಬುದಕ್ಕೆ ಅವನಿಗೆ ಜ್ವರ ಬಂದಿದೆ ಎಂದೂ ಅರ್ಥ. ಕ್ರಿಕೆಟ್ಟಿನ ‘ರನ್ ಔಟ್’ ಎಲ್ಲ ಹುಡುಗರಿಗೂ ಗೊತ್ತು; ಆದರೆ ‘ವಿ ಹ್ಯಾವ್ ರನ್ ಔಟ್ ಆಫ್ ರೈಸ್’ ಎಂದರೆ ಮನೆಯಲ್ಲಿ ಅಕ್ಕಿ ಮುಗಿದಿದೆ ಎಂದರ್ಥ. ‘ಐ ರ‍್ಯಾನ್ ಇನ್‌ಟು ಮೈ ಟೀಚರ್’ ಎಂದರೆ ಗುರುಗಳು ಅನಿರೀಕ್ಷಿತವಾಗಿ ಎದುರಾದರೆಂದು ಸಾಮಾನ್ಯ ತಾತ್ಪರ್ಯವೇ ಹೊರತು, ಓಡಿಹೋಗಿ ಅವರಿಗೆ ಢಿಕ್ಕಿ ಹೊಡೆದೆನೆಂದಲ್ಲ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಪರಿಷ್ಕರಣದಲ್ಲಿ ಈ ಒಂದು ಕ್ರಿಯಾಪದಕ್ಕೆ 645 ಅರ್ಥಗಳನ್ನು ಗುರುತಿಸಿರುವುದಾಗಿ 2011ರಲ್ಲಿ ತಿಳಿದುಬಂದಿತು. ಇಷ್ಟನ್ನೂ ಬಾಯಿಪಾಠ ಮಾಡುವುದು ಯಾರಿಗೆ ಸಾಧ್ಯ? ಆದರೆ ಇದಕ್ಕಾಗಿ ಅಧೈರ್ಯಪಡಬೇಕಾಗಿಲ್ಲ. ನಮ್ಮ ‘ನಡೆ’ ಎಂಬ ಪದವನ್ನೇ ನೋಡಿರಿ. ಮಗು ನಡೆಯುತ್ತದೆ, ಗಡಿಯಾರ ನಡೆಯುತ್ತದೆ, ಮದುವೆ ನಡೆಯುತ್ತದೆ, ಹಿರಿಯರ ಮಾತು ನಡೆಯುತ್ತದೆ. ಇಂಗ್ಲಿಷರ ಮಗುವಿಗೆ ಮದುವೆಯು ಕಾಲಿಲ್ಲದೆ ಹೇಗೆ ನಡೆಯುವುದೆಂದು ಆಶ್ಚರ್ಯವಾಗಬಹುದು. ನಮ್ಮ ಮಗುವಿಗೆ ಆಗುವುದಿಲ್ಲ. ತಮಿಳಿನಲ್ಲಿ ನದಿಯೂ ‘ಓಡು’ತ್ತದೆ, ಗಡಿಯಾರವೂ ‘ಓಡು’ತ್ತದೆ, ಕನ್ನಡದಲ್ಲಿ ನದಿ ಹರಿಯುತ್ತದೆ, ಗಡಿಯಾರ ನಡೆಯುತ್ತದೆ. ಈ ಭೇದವನ್ನು ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ನಮ್ಮ ಮಕ್ಕಳು ಪಾಠವಿಲ್ಲದೆಯೇ ಅರಿತಿದ್ದಾರೆ.

ಪೋಷಕರಲ್ಲಿ ನಮ್ಮದೊಂದು ವಿಜ್ಞಾಪನೆ. ಇಂಗ್ಲಿಷ್ ಬರಬೇಕಾದರೆ ಮನೆಯ ಕನ್ನಡವನ್ನು ಬಿಡಿಸಬೇಕೆಂದು ಕೆಲವರು ಭಾವಿಸುತ್ತಾರೆ. ಹರಿ, ಹಾಯು, ನಡೆ, ಸಾಗು ಎಂಬ ಪದಗಳನ್ನು ತಾಯಿಯ ಬಾಯಿಂದ ಕೇಳಿದ ಮಗುವಿಗೆ ‘ರನ್’ ಎಂಬ ಪದದ ಬಗೆಬಗೆಯ ಅರ್ಥಗಳನ್ನು ಇರಿಸಿಕೊಳ್ಳಲು ಮನಸ್ಸಿನಲ್ಲಿ ಸ್ಥಳವಿರುತ್ತದೆ. ‘ಓಡು’ ಒಂದನ್ನೇ ಬಲ್ಲ ಮಗುವು ಎಲ್ಲವನ್ನೂ ಓಡಿಸುತ್ತದೆ. ಮಕ್ಕಳು ಇಂಗ್ಲಿಷ್ ಓದಿ ಹೇಳಿದಾಗ, “ಇದನ್ನು ನಮ್ಮ ಮಾತಿನಲ್ಲಿ ಹೇಗೆ ಅನ್ನುತ್ತೇವೆ?” ಎಂದು ಕೇಳಿರಿ. ಉತ್ತರವು ನಗು ಬರಿಸುವಂತಿದ್ದರೆ, ಅರ್ಥವು ತಪ್ಪಿದೆಯೆಂದೇ ತಿಳಿಯಿರಿ. ಇದಕ್ಕೆ ತಂದೆತಾಯಿಗಳಿಗೆ ಇಂಗ್ಲಿಷ್ ಬರಬೇಕಾಗಿಲ್ಲ.

ಆ ಬೆಳೆಗಾರರ ಪಂಪು ದುರಸ್ತಿಯಾಗಿ ಬಂದ ಮೇಲೆ, ಹುಡುಗನು ಕೆಂಪಕ್ಷರಗಳ ಕೆಳಗೆ ‘ನೀರಿಲ್ಲದೆ ನಡೆಸಬೇಡಿ’ ಎಂದು ಕನ್ನಡದಲ್ಲಿ ತಾನೇ ಬರೆದಿದ್ದಾನೆ. ನಾವೂ ನಮ್ಮ ಹಳೆಯ ಪಟ್ಟಿಯನ್ನು ಕೈಬಿಟ್ಟಿದ್ದೇವೆ.

ಅಭ್ಯಾಸ: ಈ ವಾಕ್ಯಗಳಿಗೆ ಮನೆಯವರೊಡನೆ ಕೂಡಿ ಕನ್ನಡದಲ್ಲಿ ಅರ್ಥ ಬರೆಯಿರಿ.
1. ದಿ ಟ್ಯಾಪ್ ಈಸ್ ರನ್ನಿಂಗ್.
2. ದಿ ರೋಡ್ ರನ್ಸ್ ಅಲಾಂಗ್ ದಿ ಕೆನಾಲ್.
3. ಹರ್ ನೋಸ್ ಈಸ್ ರನ್ನಿಂಗ್.
4. ಮೈ ಗ್ರ್ಯಾಂಡ್‌ಮದರ್ ರನ್ಸ್ ದಿ ಹೌಸ್.